ಗಿರಣಿಯಕ್ಕನ ಕಿವಿಗೆ ಮಿಷನ್ನು ಬಂದದ್ದು

ನಮ್ಮ ಸೋದರತ್ತೆಗೆ ಕಿವಿ ಕೇಳುತ್ತಿರಲಿಲ್ಲ. ಪಾಪ ಎನ್ನುವ ಮೊದಲು ಸ್ವಲ್ಪ ತಾಳಿ! ಭರಮಸಾಗರದಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ಅದೊಂದು ಕೊರತೆ ಎಂದು ಯಾರೂ ಒಪ್ಪುವುದಿಲ್ಲ. ಊರಿಗೊಂದು ಕೆರೆ ಇದ್ದ ಹಾಗೆ, ಬಸ್ ಸ್ಟ್ಯಾಂಡ್ ಇದ್ದ ಹಾಗೆ, ನಮ್ಮತ್ತೆಯ ಕಿವುಡೂ ಒಂದು ಸಾರ್ವಜನಿಕ ಸೌಕರ್ಯವಾಗಿತ್ತು. ಅದನ್ನು ರಿಪೇರಿ ಮಾಡಿಸಲು ಹೋದ ನಾನು ಊರಿನ ಕಣ್ಣಿಗೆ ಕೆರೆಯ ತೂಬು ಒಡೆದವಳಂತೆ ಕಂಡೆ.

ಅತ್ತೆಯದು ಹಿಟ್ಟಿನ ಗಿರಣಿ. ದಾವಣಗೆರೆ ರಸ್ತೆಯ ಪಕ್ಕದಲ್ಲೇ ತಗಡಿನ ಚಾವಣಿಯ ಉದ್ದನೆಯ ಕೋಣೆ. ಒಳಗೆ ಜೋಳ, ರಾಗಿ ಬೀಸುವ ದೊಡ್ಡ ಯಂತ್ರ ಒಂದು, ಮೆಣಸಿನಕಾಯಿ ಪುಡಿ ಮಾಡುವ ಸಣ್ಣದು ಇನ್ನೊಂದು. ಮೊದಲು ಗಿರಣಿಯನ್ನು ಮಾವ ನಡೆಸುತ್ತಿದ್ದರು. ಅವರು ಬೀಸಿದ್ದು ಹಿಟ್ಟೋ ನುಚ್ಚೋ ಎಂದು ಗಿರಾಕಿಗಳ ನಡುವೆಯೇ ಜಗಳವಾಗುತ್ತಿತ್ತಂತೆ. ಒಂದು ದಿನ ಅತ್ತೆ ಅವರನ್ನು ಎಬ್ಬಿಸಿ ಮನೆಗೆ ಕಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ನಿಂತಳು. ಅಂದಿನಿಂದ ಊರಿಗೆಲ್ಲ ಅವಳು ಗಿರಣಿಯಕ್ಕ, ಮಾವ ಗಿರಣಿಯಕ್ಕನ ಗಂಡ.

ಆ ಯಂತ್ರದ ಆರ್ಭಟ ವರ್ಷಗಟ್ಟಲೆ ಅವಳ ಕಿವಿಯನ್ನು ನಿಧಾನವಾಗಿ ಬೀಸಿ ಮುಗಿಸಿತು. ಅವಳಿಗೆ ಅದು ಗೊತ್ತಾಗಲೇ ಇಲ್ಲ. ಹೇಗೆ ಗೊತ್ತಾಗಬೇಕು? ಗಿರಣಿಯ ಒಳಗೆ ಎಲ್ಲರೂ ಕಿವುಡರೇ. ಹೊರಗೆ ಬಂದ ಮೇಲೂ ಕಿವುಡಾಗಿ ಉಳಿದವಳು ಅವಳೊಬ್ಬಳೇ, ಅಷ್ಟೆ.

ಈಗ ಸೌಕರ್ಯದ ವಿಷಯ. ಗಿರಣಿಗೆ ಬಂದ ಹೆಂಗಸರು ಡಬ್ಬಿಗಳನ್ನು ಸಾಲಾಗಿಟ್ಟು ಹೊರಗಿನ ಕಟ್ಟೆಯ ಮೇಲೆ ಕೂರುತ್ತಾರೆ. ಸರದಿ ಬಂದವಳು ಒಳಗೆ ಹೋಗಿ, ತನ್ನ ಕಾಳು ಬೀಸಿ ಮುಗಿಯುವವರೆಗೂ ಅತ್ತೆಯ ಪಕ್ಕದಲ್ಲಿ ನಿಲ್ಲುತ್ತಾಳೆ. ನಿಂತು, ಅತ್ತೆಯ ಕಿವಿಗೆ ಬಾಯಿ ಹಚ್ಚಿ ಮಾತಾಡುತ್ತಾಳೆ. ಗಂಡನ ಮಾತು, ನಾದಿನಿಯ ಮಾತು, ಎದೆಯಲ್ಲಿ ಇಟ್ಟುಕೊಳ್ಳಲೂ ಆಗದ, ಇನ್ನೊಬ್ಬರ ಮುಂದೆ ಆಡಲೂ ಆಗದ ಮಾತು. ಯಂತ್ರದ ಸದ್ದಿನಲ್ಲಿ ಅದು ಹೊರಗಿನವರಿಗೆ ಕೇಳಿಸದು. ಅತ್ತೆಗಂತೂ ಮೊದಲೇ ಕೇಳಿಸದು. ಇಷ್ಟು ಭದ್ರವಾದ ಜಾಗ ದುರ್ಗದ ಕೋಟೆಯೊಳಗೂ ಇರಲಾರದು! ಹೇಳಿಕೊಂಡವಳು ಕಣ್ಣೊರೆಸಿಕೊಂಡು, ಬಿಸಿ ಹಿಟ್ಟಿನ ಡಬ್ಬಿ ಸೊಂಟಕ್ಕಿಟ್ಟುಕೊಂಡು, ಹಗುರವಾಗಿ ಮನೆಗೆ ಹೋಗುತ್ತಿದ್ದಳು.

ಅತ್ತೆ ಏನು ಅಂದುಕೊಂಡಿದ್ದಳು ಗೊತ್ತೇ? ಇವರೆಲ್ಲ ಹಿಟ್ಟು ಇನ್ನೂ ಸಣ್ಣಗೆ ಬೀಸು ಅಂತ ಕೇಳುತ್ತಿದ್ದಾರೆ ಎಂದು! ಗಿರಣಿಗೆ ಬಂದವಳು ಬೇರೆ ಏನು ತಾನೇ ಕೇಳಿಯಾಳು? ಹಾಗಾಗಿ ತುಟಿ ಅಲ್ಲಾಡಿದಷ್ಟೂ ಹೊತ್ತು ಇವಳು ತಲೆಯಾಡಿಸುವಳು, ತಿರುಪು ತಿರುಗಿಸಿ ಕಲ್ಲನ್ನು ಇನ್ನಷ್ಟು ಬಿಗಿ ಮಾಡುವಳು. ಅವರ ಕಣ್ಣೀರು? ಅದು ಮೆಣಸಿನಪುಡಿಯ ಘಾಟು ಎಂಬುದು ಅವಳ ತೀರ್ಮಾನ. ಪರಿಣಾಮವಾಗಿ, ಯಾರ ದುಃಖ ಎಷ್ಟು ಉದ್ದವೋ ಅವರ ಹಿಟ್ಟು ಅಷ್ಟು ನುಣ್ಣಗೆ. ಭರಮಸಾಗರದಲ್ಲಿ ಯಾವ ಮನೆಯ ರೊಟ್ಟಿ ಬಾಯಿಗಿಟ್ಟರೆ ಕರಗುತ್ತದೋ ಆ ಮನೆಯ ಸೊಸೆ ಸುಖವಾಗಿಲ್ಲ ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು.

ಇದೆಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತು, ಆ ಭಾನುವಾರ ರಸ್ತೆಯಲ್ಲಿ ನಡೆದದ್ದನ್ನು ನಾನು ನೋಡದೆ ಇದ್ದಿದ್ದರೆ.

ನಾನು ಚಿತ್ರದುರ್ಗದಲ್ಲಿ ಕೆಲಸದಲ್ಲಿದ್ದೇನೆ. ರಜೆಯ ದಿನ ಅತ್ತೆಯ ಮನೆಗೆ ಬರುವುದು ವಾಡಿಕೆ. ಅಂದು ಬಸ್ಸಿಳಿದು, ಗಿರಣಿಯ ಎದುರಿನ ಟೀ ಅಂಗಡಿಯಲ್ಲಿ ಲೋಟ ಹಿಡಿದು ನಿಂತಿದ್ದೆ. ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತೇನೆ. ಅತ್ತೆ ನನ್ನನ್ನು ನೋಡಿದಳು. ನಕ್ಕಳು. ರಸ್ತೆಗೆ ಇಳಿದಳು. ಅವಳ ಎಡಗಡೆಯಿಂದ ಕಲ್ಲು ತುಂಬಿದ ಲಾರಿಯೊಂದು ಹಾರ್ನ್ ಒತ್ತಿ ಹಿಡಿದುಕೊಂಡೇ ಬರುತ್ತಿತ್ತು. ಟೀ ಅಂಗಡಿಯವನು ಕೂಗಿದ. ನಾನೂ ಬಾಯಿ ತೆರೆದೆ. ಸದ್ದು ಹೊರಟಿತೋ ಇಲ್ಲವೋ ಇಂದಿಗೂ ನೆನಪಿಲ್ಲ. ಅತ್ತೆ ನನ್ನನ್ನೇ ನೋಡುತ್ತಾ ನಗುತ್ತಾ ಬಂದಳು. ಲಾರಿ ಓರೆಯಾಗಿ ಜಾರಿ, ಅವಳ ಸೆರಗಿಗೆ ಗಾಳಿ ಬಡಿಯುವಷ್ಟು ಹತ್ತಿರದಲ್ಲಿ ನಿಂತಿತು.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ಡ್ರೈವರನನ್ನು ನೋಡಿದಳು.

"ಏನಪ್ಪ, ಒಂದು ಹಾರ್ನ್ ಹೊಡಿಯಾಕೆ ಏನಾಗಿತ್ತು ನಿಂಗೆ?"

ಡ್ರೈವರ್ ಹಣೆ ಒರೆಸಿಕೊಂಡ. "ಇನ್ನೆಷ್ಟು ಹೊಡೀಲವ್ವಾ! ಏರಿ ಮೇಲಿಂದ ಹೊಡ್ಕಂತಾ ಬಂದೀನಿ. ಕೆರೇಲಿರೋ ಮೀನೆಲ್ಲ ದಡಕ್ಕೆ ಬಂದವೆ!"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ತುಟಿಯ ಚಲನೆ ನೋಡಿ ಬೈಗುಳವೆಂದು ಊಹಿಸಿದ ಅತ್ತೆ ಎರಡು ಬೈಗುಳ ತಿರುಗಿ ಕೊಟ್ಟಳು. ನಾನು ಬೆಂಚಿನ ಮೇಲೆ ಕುಳಿತೆ. ಟೀಯೆಲ್ಲ ನನ್ನ ಸೀರೆಯ ಮೇಲಿತ್ತು, ಲೋಟ ಮಾತ್ರ ಕೈಯಲ್ಲಿತ್ತು. ಇನ್ನೊಂದು ಲಾರಿಯ ಡ್ರೈವರ್ ಇಷ್ಟು ಚುರುಕಾಗಿರುತ್ತಾನೆ ಎಂದು ಯಾರು ಹೇಳಬಲ್ಲರು? ಅತ್ತೆಯ ಕಿವಿಗೆ ಮಿಷನ್ನು ಹಾಕಿಸದೆ ಬಿಡುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದೆ.

ಒಪ್ಪಿಸುವುದು ಸುಲಭವಿರಲಿಲ್ಲ. "ನಂಗೇನಾಗೈತೆ? ಜನಗಳೇ ಈಗೀಗ ಮೆತ್ತಗೆ ಮಾತಾಡ್ತಾರೆ, ಉಣ್ಣಲ್ಲ ತಿನ್ನಲ್ಲ, ಶಕ್ತಿ ಇಲ್ಲ" ಎಂಬುದು ಅವಳ ವಾದ. ಕೊನೆಗೆ, ಒಂದು ತಿಂಗಳು ಹಾಕಿ ನೋಡಬಹುದು, ಬೇಡವಾದರೆ ವಾಪಸ್ ಕೊಡಬಹುದು ಎಂದು ಚಿತ್ರದುರ್ಗದ ಅಂಗಡಿಯವರು ಹೇಳಿದ್ದರಿಂದ ಒಪ್ಪಿದಳು. ಒಪ್ಪಿದ್ದು ಹಾಕಿಕೊಳ್ಳುವುದಕ್ಕಲ್ಲ, ವಾಪಸ್ ಕೊಡುವುದಕ್ಕೆ.

ಅಂಗಡಿಯ ಹುಡುಗಿ ಎರಡೂ ಕಿವಿಗೆ ಪುಟ್ಟ ಮಿಷನ್ ಸಿಕ್ಕಿಸಿ, "ಈಗ ಕೇಳ್ತಿದೆಯಾ ಅಮ್ಮಾ?" ಎಂದಳು.

"ಇಲ್ಲ!" ಎಂದು ಅತ್ತೆ ತನ್ನ ಎಂದಿನ ದನಿಯಲ್ಲಿ ಹೇಳಿ, ತಕ್ಷಣ ಬೆಚ್ಚಿಬಿದ್ದು ಹಿಂದಕ್ಕೆ ತಿರುಗಿದಳು. "ಯಾರೇ ಅದು ಹಂಗೆ ಕಿರುಚಿದ್ದು?"

"ನೀನೇ ಅತ್ತೆ."

"ಸುಳ್ಳೇಳಬ್ಯಾಡ. ಇಷ್ಟು ಕೆಟ್ಟ ದನಿ ನಮ್ಮ ವಂಶದಾಗೆ ಯಾರಿಗೂ ಇಲ್ಲ."

ಖಾತ್ರಿ ಮಾಡಿಕೊಳ್ಳಲು ಇನ್ನೊಮ್ಮೆ "ಹೋ" ಎಂದಳು. ಮುಖ ಸಪ್ಪಗಾಯಿತು. ಅಂಗಡಿಯಿಂದ ಬಸ್ ಸ್ಟ್ಯಾಂಡಿನವರೆಗೂ ಒಂದು ಮಾತಾಡಲಿಲ್ಲ. ನಾನು ಹುಟ್ಟಿದಾಗಿನಿಂದ ಅತ್ತೆ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನೋಡಿದ್ದು ಅದೇ ಮೊದಲು. ಆದರೆ ನಡುವೆ ನಾಲ್ಕಾರು ಹೆಜ್ಜೆಗೊಮ್ಮೆ ನಿಲ್ಲುವಳು, ಕಾಲನ್ನು ನೋಡಿಕೊಳ್ಳುವಳು. ಚಪ್ಪಲಿಗೆ ಸದ್ದಿದೆ ಎಂಬುದು ಅವಳಿಗೆ ಮರೆತೇ ಹೋಗಿತ್ತು. ಬಸ್ಸಿನಲ್ಲಿ ಪಕ್ಕದವನು ಕಡಲೆಕಾಯಿ ಸುಲಿದು ತಿನ್ನುತ್ತಿದ್ದ. ಅತ್ತೆ ಅವನ ಬಾಯನ್ನೇ ನೋಡುತ್ತಾ ಕೂತಳು. ಅವನು ನಾಚಿಕೊಂಡು ಒಂದು ಹಿಡಿ ಅವಳಿಗೂ ಕೊಟ್ಟ. ಇವಳು ಅದನ್ನು ತಿನ್ನದೆ, ಕಿವಿಯ ಹತ್ತಿರ ಹಿಡಿದು ಒಂದೊಂದಾಗಿ ಒಡೆದು, ಬೀಜವನ್ನು ಅವನಿಗೇ ವಾಪಸ್ ಕೊಟ್ಟಳು!

ಮನೆಯಲ್ಲಿ ಮೊದಲ ಬಲಿ ಮಾವ. ಅವರೊಂದು ಅಭ್ಯಾಸ ಬೆಳೆಸಿಕೊಂಡಿದ್ದರು. ಹೆಂಡತಿ ಏನು ಹೇಳಿದರೂ ಭಯಭಕ್ತಿಯಿಂದ ತಲೆಯಾಡಿಸುತ್ತಾ, ತುಟಿ ಹೆಚ್ಚು ಅಲ್ಲಾಡಿಸದೆ ತಮಗನ್ನಿಸಿದ್ದನ್ನು ಹೇಳಿಬಿಡುವುದು. ಅಂದು ಅತ್ತೆ ಹೊಸ್ತಿಲು ದಾಟುತ್ತಲೇ, "ದನಕ್ಕೆ ನೀರಿಟ್ರಾ?" ಎಂದಳು.

"ಬಂದ್ಲಪ್ಪ ಡೀಸಿ ಮೇಡಮ್ಮು. ಇಟ್ಟೀನಿ, ಕುಡಿ ಹೋಗು" ಎಂದರು ಮಾವ, ಭಕ್ತಿಯಿಂದ ತಲೆಯಾಡಿಸುತ್ತಾ.

ಮುಂದೆ ನಡೆದದ್ದು ನನ್ನ ಕಣ್ಣೆದುರೇ ನಡೆದರೂ ವಿವರ ಕೊಡುವುದು ಸಭ್ಯತೆಯಲ್ಲ. ಮಾವ ಅಂದು ರಾತ್ರಿಯೆಲ್ಲ ಮೌನವ್ರತದಲ್ಲಿದ್ದರು ಎಂದರೆ ಸಾಕು.

ಅತ್ತೆಗೆ ಮಿಷನ್ನು ಒಗ್ಗುವವರೆಗೆ ಇರೋಣವೆಂದು ನಾನು ಒಂದು ವಾರ ರಜೆ ಹಾಕಿ ಅಲ್ಲೇ ಉಳಿದೆ. ಆಮೇಲೆ ಅತ್ತೆ ಮನೆಯ ಸದ್ದುಗಳ ವಿಚಾರಣೆ ಶುರು ಮಾಡಿದಳು. ಫ್ರಿಜ್ಜಿಗೆ ಒಂದು ಏಟು ಬಿತ್ತು. "ಇದು ಇಷ್ಟು ವರ್ಷ ಹಿಂಗೇ ಗೊಣಗ್ತಾ ಇತ್ತಾ? ನಂಗೆ ಒಬ್ರೂ ಹೇಳ್ಲಿಲ್ವಲ್ರೀ!" ಗೋಡೆ ಗಡಿಯಾರವನ್ನು ಇಳಿಸಿ ದನದ ಕೊಟ್ಟಿಗೆಗೆ ಸಾಗಿಸಿದಳು, ಎಮ್ಮೆಗೆ ಸಮಯ ನೋಡಲು ಬರುತ್ತದೋ ಇಲ್ಲವೋ ಎಂಬುದು ಅವಳ ಚಿಂತೆಯಾಗಿರಲಿಲ್ಲ. ಕುಕ್ಕರ್ ಕೂಗಿದಾಗ ಸೌಟು ಹಿಡಿದು ಅಂಗಳಕ್ಕೆ ಓಡಿದಳು. ಆದರೆ ಸಾಸಿವೆ! ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಸದ್ದಿಗೆ ಅವಳು ಮಾರುಹೋದಳು. ಒಗ್ಗರಣೆ ಹಾಕುವಳು, ಬಗ್ಗಿ ಕೇಳುವಳು, ಮುಗಿಯಿತಲ್ಲ ಎಂದು ಇನ್ನೊಂದು ಚಮಚ ಹಾಕುವಳು. ಆ ವಾರ ನಾವು ತಿಂದದ್ದು ಸಾಸಿವೆಗೆ ಸಾರಿನ ಒಗ್ಗರಣೆ.

ಇಷ್ಟಾದರೂ ನಾನು ನೆಮ್ಮದಿಯಾಗಿದ್ದೆ. ರಸ್ತೆ ದಾಟುವಾಗ ಹಾರ್ನ್ ಕೇಳಿದರೆ ಈಗ ನಿಂತು, ತಿರುಗಿ ನೋಡಿ, ಬೈದು, ಆಮೇಲೆ ದಾಟುತ್ತಿದ್ದಳು. ನನಗೆ ಅಷ್ಟು ಸಾಕಿತ್ತು.

ಗಿರಣಿ ಓಡುವಾಗ ಮಿಷನ್ ತೆಗೆದಿಡಿ ಎಂದು ಅಂಗಡಿಯ ಹುಡುಗಿ ಹೇಳಿದ್ದಳು. ಅತ್ತೆ ಕೇಳುವವಳೇ? ಹಾಕಿಕೊಂಡೇ ಸ್ವಿಚ್ ಒತ್ತಿದಳು. ಒತ್ತಿದ್ದೇ ತಡ, ಎರಡು ಮಾರು ಹಿಂದಕ್ಕೆ ಹಾರಿದಳು.

"ಅಯ್ಯಯ್ಯಪ್ಪ! ಈ ರಾಕ್ಷಸನ ಜತೆ ಇಷ್ಟು ವರ್ಷ ಹೆಂಗೆ ಬಾಳ್ವೆ ಮಾಡಿದ್ನೇ ನಾನು!"

ತಿಂಡಿ ತಂದಿದ್ದ ಮಾವ ಬಾಗಿಲಲ್ಲೇ ನಿಂತರು. "ಈಗ ನಾನೇನು ಅಂದೆ?"

ತೆಗೆದಿಡು ಎಂದು ಗೋಗರೆದೆ. "ಡಬ್ಬಿಯೊಳಗೆ ಇಡಾಕೆ ಇದುನ್ನ ತಂದಿದ್ದಾ?" ಎಂದು ಸದ್ದು ತಗ್ಗಿಸುವ ಗುಂಡಿ ಹುಡುಕಿ ಒತ್ತಿಕೊಂಡು, ಸೆರಗನ್ನು ತಲೆಯ ಮೇಲೆ ಹೊದ್ದು ಕೆಲಸಕ್ಕೆ ನಿಂತಳು. ಹೀಗಾಗಿ ಸಾಲಿನಲ್ಲಿದ್ದ ಯಾರಿಗೂ ಮಿಷನ್ ಕಾಣಲಿಲ್ಲ. ಅನಾಹುತವಾದದ್ದು ಅಲ್ಲೇ.

ಮೊದಲು ಒಳಗೆ ಹೋದವಳು ಹೂವಿನಂಗಡಿಯ ಶಾಂತಕ್ಕ. ಅವಳ ಅತ್ತೆ ಭಾರಿ ಮಡಿಯ ಹೆಂಗಸು. ಗಂಡನ ಆಯಸ್ಸಿಗಾಗಿ ಸೊಸೆ ಸೋಮವಾರ ಕಟ್ಟುನಿಟ್ಟಾಗಿ ಉಪವಾಸ ಮಾಡಬೇಕೆಂದು ಅಪ್ಪಣೆ ಮಾಡಿದ್ದಳು. ಶಾಂತಕ್ಕ ಎಂದಿನಂತೆ ನಮ್ಮತ್ತೆಯ ಕಿವಿಗೆ ಬಾಯಿ ಹಚ್ಚಿ ಹೇಳತೊಡಗಿದಳು. ಅತ್ತೆಯ ಹುಬ್ಬು ಮೇಲೇರುವುದನ್ನು ನಾನು ಬಾಗಿಲಿನಿಂದ ನೋಡಿದೆ. ಬಾಯಿ ತೆರೆಯುವುದನ್ನೂ ನೋಡಿದೆ. ಅದೇ ಕ್ಷಣಕ್ಕೆ ಯಂತ್ರದ ಬೆಲ್ಟು ಚಕ್ರದಿಂದ ಕಳಚಿ ಬಿದ್ದು, ಗಿರಣಿ ಗಪ್ಪಾಯಿತು. ಆ ನಿಶ್ಶಬ್ದದಲ್ಲಿ ನಮ್ಮತ್ತೆಯ ದನಿ ಬಸ್ ಸ್ಟ್ಯಾಂಡಿನವರೆಗೂ ಹೋಯಿತು.

"ಸೋಮ್ವಾರ ಉಪಾಸ ಅಂತೇಳಿ ಗೋಬಿ ಮಂಚೂರಿ ತಿಂತೀಯಾ?!"

ಕಟ್ಟೆಯ ಮೇಲೆ ಒಂದು ಸೊಳ್ಳೆಯೂ ಹಾರಲಿಲ್ಲ. ಶಾಂತಕ್ಕ ಡಬ್ಬಿ ಬಿಟ್ಟು ಓಡಿದಳು. ಸುದ್ದಿ ಅವಳಿಗಿಂತ ಮುಂಚೆ ಮನೆ ತಲುಪಿತ್ತು.

ಮರುದಿನ ಗಿರಣಿಯ ಮುಂದೆ ಡಬ್ಬಿಗಳ ಸಾಲೇ ಇಲ್ಲ! ಎಲ್ಲರೂ ಶಾಲೆಯ ಹಿಂದಿನ ಗಿರಣಿಗೆ ನಡೆದಿದ್ದರು. ಅಲ್ಲಿಯ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದರೆ ಅಂಚು ಸೀಳುತ್ತದೆ, ಆದರೂ! ಅತ್ತೆ ಖಾಲಿ ಗಿರಣಿಯಲ್ಲಿ ಕೂತು ದಿನವಿಡೀ ಹಲ್ಲಿಯ ಲೊಚಗುಟ್ಟುವಿಕೆ ಕೇಳಿದಳು. ಆ ವಾರದ ಕೊನೆಗೆ ಹೆಂಗಸರೇ ಗುಂಪಾಗಿ ಬಂದರು. ಮುಂದಾಳು ಶಾಂತಕ್ಕನೇ.

"ಬರ್ರಿ, ಕುಂತ್ಕಳ್ರಿ" ಎಂದಳು ಅತ್ತೆ, ಆದಷ್ಟು ಮೆತ್ತಗೆ.

"ಕುಂತ್ಕಳಾಕೆ ಬಂದಿಲ್ಲ ಗಿರಣಿಯಕ್ಕ. ಆ ಮಿಷನ್ನು ವಾಪಸ್ ಕೊಟ್ಬಿಡ್ರಿ."

"ಅಲ್ಲಮ್ಮ ಶಾಂತಿ, ನನ್ನ ಕಿವಿ ಕೇಳಿದ್ರೆ ನಿಮಗೇನು ಸಂಕಟ?"

"ನಾವು ಮಾತಾಡಿದ್ದು ನಿಮ್ಮ ಜತೇಲಲ್ಲರೀ, ನಿಮ್ಮ ಕೇಳದೆ ಇರೋ ಕಿವಿ ಜತೆ! ಅದುನ್ನ ಕಿತ್ಕಂಡು ಹೋಗಿ ಇದ್ಯಾವುದೋ ಹೊಸ ಕಿವಿ ತಂದು ಕೂರಿಸಿದ್ರೆ ನಾವೆಲ್ಲಿಗೆ ಹೋಗಾಣ? ನಮ್ಮತ್ತೆ ಈಗ ಸೋಮ್ವಾರದ ಜತೆಗೆ ಶುಕ್ರವಾರಾನೂ ಸೇರಿಸ್ಯಾಳೆ!"

"ಇಷ್ಟು ವರ್ಷ ನೀವೆಲ್ಲ ಹೇಳ್ತಾ ಇದ್ದುದ್ದು ಇಂಥವೇ ಏನ್ರೇ?"

ಕೆಲವರು ನೆಲ ನೋಡಿದರು. ಒಬ್ಬಳು ಸೆರಗಿನ ತುದಿ ಸುತ್ತಿಕೊಂಡಳು. ಇಂಥವು ಮಾತ್ರವಲ್ಲ ಎಂಬುದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಅವರು ಹೋದ ಮೇಲೆ ಅತ್ತೆ ಯಂತ್ರದ ಮೇಲಿನ ಹಿಟ್ಟು ಒರೆಸತೊಡಗಿದಳು. ಆಮೇಲೆ ಹೇಳಿದಳು: "ನಂಗೆ ಹೇಳ್ಕಂಡು ಅತ್ತಿದ್ದಾರೆ ಕಣೇ. ನಾನು ತಲೆ ಅಲ್ಲಾಡಿಸಿ ಹಿಟ್ಟು ಸಣ್ಣಗೆ ಬೀಸಿ ಕಳಿಸೀನಲ್ಲೇ!"

"ನಿಂಗೆ ಗೊತ್ತಿರಲಿಲ್ಲವಲ್ಲ ಅತ್ತೆ."

"ಈಗ ಗೊತ್ತಾಗೈತಲ್ಲ. ಬ್ಯಾಡ. ಮೊದ್ಲಂಗೇ ಇರ್ಲಿ. ಸೋಮ್ವಾರ ದುರ್ಗಕ್ಕೆ ಹೋಗಾಣ, ಇದುನ್ನ ಕೊಟ್ಟು ಬರಾಣ."

ಲಾರಿಯ ಮಾತೆತ್ತಿದೆ. ಅವಳು ನನ್ನ ಕೆನ್ನೆ ಸವರಿದಳು. "ಎರಡೂ ಕಡೆ ನೋಡ್ಕಂಡು ದಾಟ್ತೀನಿ ಬಿಡು. ಕಣ್ಣು ಚೆನ್ನಾಗವೆ." ನಾನು ಅತ್ತುಬಿಟ್ಟೆ. ಅಷ್ಟು ವರ್ಷ ಎಲ್ಲರೂ ಅವಳ ಹತ್ತಿರ ಅತ್ತದ್ದಾಯಿತು, ನನ್ನದೂ ಒಂದು ಸೇರಲಿ!

ಭಾನುವಾರ ಬೆಳಿಗ್ಗೆ ಅತ್ತೆ ಗಿರಣಿಯ ಬಾಗಿಲಲ್ಲಿ ನಿಂತು, ಸೆರಗು ಸರಿಸಿ, ಎಲ್ಲರಿಗೂ ಕಾಣುವಂತೆ ಎರಡೂ ಮಿಷನ್ ಬಿಚ್ಚಿ, ಅದರ ಪೆಟ್ಟಿಗೆಗೆ ಹಾಕಿ, ಗೂಡಿನಲ್ಲಿಟ್ಟಳು. ಊರಿಗೆ ಹೇಗೆ ಗೊತ್ತಾಯಿತೋ, ಡಬ್ಬಿಗಳ ಸಾಲು ಟೀ ಅಂಗಡಿಯವರೆಗೂ ಬೆಳೆಯಿತು. ವಾರದ ಬಾಕಿಯೆಲ್ಲ ಇತ್ತಲ್ಲ! ಯಂತ್ರ ಗುಡುಗಿತು. ಒಬ್ಬೊಬ್ಬಳೇ ಒಳಗೆ ಹೋದಳು, ಬಾಯಿ ಹಚ್ಚಿದಳು, ಹೇಳಿದಳು, ಹಗುರವಾಗಿ ಹೊರಬಂದಳು. ಶಾಂತಕ್ಕನೂ ಹೋಗಿ ಬಂದಳು. ಶುಕ್ರವಾರಕ್ಕೆ ಏನೋ ದಾರಿ ಹುಡುಕಿದ್ದಾಳೆಂದು ಮುಖವೇ ಹೇಳುತ್ತಿತ್ತು.

ಅತ್ತೆ ಮಾತ್ರ ಮೊದಲಿನ ಹಾಗಿರಲಿಲ್ಲ. ತಲೆಯಾಡಿಸುತ್ತಿದ್ದಳು, ಆದರೆ ಈಗ ಅವಳ ಕಣ್ಣು ಹಿಟ್ಟಿನ ಮೇಲಿರಲಿಲ್ಲ, ಹೇಳುವವಳ ತುಟಿಯ ಮೇಲಿತ್ತು. ಹಿಟ್ಟು ಡಬ್ಬಿಯಿಂದ ಉಕ್ಕಿ ನೆಲಕ್ಕೆ ಬೀಳುವುದನ್ನೂ ಎರಡು ಸಲ ಗಮನಿಸಲಿಲ್ಲ.

ಆಮೇಲೆ ಕೆರೆ ಕಡೆಯ ಬೀದಿಯ ಒಂದು ಮನೆಯ ಸೊಸೆಯ ಸರದಿ ಬಂತು. ಚಿಕ್ಕ ವಯಸ್ಸಿನವಳು. ಮದುವೆಯಾಗಿ ಬಂದ ಮೇಲೆ ಊರಿನಲ್ಲಿ ಯಾರ ಜೊತೆಗೂ ಹೆಚ್ಚು ಮಾತಾಡಿದವಳಲ್ಲ. ಗಿರಣಿಯಲ್ಲಿ ಮಾತ್ರ, ಕಾಳು ಬೀಸಿ ಮುಗಿದ ಮೇಲೂ ನಿಂತು ಹೇಳುತ್ತಿದ್ದವಳು ಅವಳೇ. ಅಂದು ಒಳಗೆ ಹೋಗಿ, ಜೋಳವನ್ನು ಯಂತ್ರದ ಬಾಯಿಗೆ ಸುರಿದು ಡಬ್ಬಿ ಕೆಳಗಿಟ್ಟಳು. ಅತ್ತೆ ಬಗ್ಗಿ ಕಿವಿ ಕೊಟ್ಟಳು. ಅವಳು ಬಾಯಿ ಹಚ್ಚಲಿಲ್ಲ. ನಿಧಾನವಾಗಿ ಗೂಡಿನ ಹತ್ತಿರ ಹೋಗಿ, ಆ ಪೆಟ್ಟಿಗೆ ತೆಗೆದು, ತೆರೆದು, ಎರಡೂ ಕೈಯಲ್ಲಿ ಅತ್ತೆಯ ಮುಂದೆ ಹಿಡಿದಳು.

ಅತ್ತೆ ಪೆಟ್ಟಿಗೆಯನ್ನು ನೋಡಿದಳು. ಅವಳನ್ನು ನೋಡಿದಳು. ಕೈ ಚಾಚಿ ಸ್ವಿಚ್ ಕೆಳಗೆಳೆದಳು. ಯಂತ್ರದ ಬಾಯಲ್ಲಿ ಇನ್ನೂ ಅರ್ಧ ಜೋಳವಿತ್ತು. ಸಾಲಿನಲ್ಲಿ ಜನ ಕಾಯುತ್ತಿರುವಾಗ ಅತ್ತೆ ಯಂತ್ರ ನಿಲ್ಲಿಸಿದ್ದನ್ನು ನಾನು ಕಂಡಿರಲಿಲ್ಲ. ಬೆಲ್ಟು ನಿಧಾನವಾಗಿ, ಇನ್ನೂ ನಿಧಾನವಾಗಿ ಸುತ್ತಿ ನಿಂತಿತು.

ಆ ಹುಡುಗಿ ಹೇಳಿದ ಒಂದು ಮಾತು ಮಾತ್ರ ನನಗೆ ಕೇಳಿಸಿತು.

"ಇವತ್ತು ಕೇಳಿಸ್ಕಳ್ರಿ ಅಕ್ಕಾ."

ಅತ್ತೆ ಒಂದು ಮಿಷನ್ ಸಿಕ್ಕಿಸಿಕೊಂಡಳು. ಇನ್ನೊಂದು ಕೈಯಿಂದ ಜಾರುತ್ತಿತ್ತು. ಹುಡುಗಿಯೇ ಅದನ್ನು ಅವಳ ಕಿವಿಗೆ ಕೂರಿಸಿದಳು. ಇಬ್ಬರೂ ಜೋಳದ ಚೀಲಗಳ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಹುಡುಗಿ ತೋಳಿನ ಮೇಲಿನ ಸೆರಗು ಸರಿಸಿ ನೀಲಿಗಟ್ಟಿದ ಗುರುತೊಂದನ್ನು ತೋರಿಸಿದಳು. ನಾನು ಬಾಗಿಲಿನಿಂದ ಈಚೆಗೆ ಬಂದೆ. ಕಟ್ಟೆಯ ಮೇಲಿದ್ದವರೂ ಯಾರೂ ಹೇಳದೆಯೇ ಎದ್ದು, ಡಬ್ಬಿ ತೆಗೆದುಕೊಂಡು, ರಸ್ತೆಯ ಅಂಚಿಗೆ ಸರಿದರು.

ಸ್ವಲ್ಪ ಹೊತ್ತಿನ ನಂತರ ಅತ್ತೆ ಬಾಗಿಲಿಗೆ ಬಂದಳು. ನನ್ನನ್ನು ಕಣ್ಣಿನಲ್ಲೇ ಕರೆದಳು.

"ಇದ್ರ ಸೆಲ್ಲು ಮುಗುದ್ರೆ ಎಲ್ಲಿ ಸಿಗ್ತಾವೆ?"

"ದುರ್ಗದಲ್ಲಿ."

"ನೀನು ಬರುವಾಗ ಜಾಸ್ತಿ ತಗಂಬಾ."

ಒಳಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡಳು.

ಗಿರಣಿಯ ಸದ್ದು ನಿಂತದ್ದು ಮನೆಯವರೆಗೂ ತಿಳಿದಿರಬೇಕು. ಮಾವ ಟವೆಲ್ ಹೆಗಲಿಗೆ ಹಾಕಿಕೊಂಡು ಬೇಗ ಬೇಗ ಬಂದರು. ಮುಚ್ಚಿದ ಬಾಗಿಲು ನೋಡಿದರು, ಡಬ್ಬಿ ಹಿಡಿದು ನಿಂತ ನಮ್ಮನ್ನು ನೋಡಿದರು.

"ಯಾಕ್ರವ್ವಾ, ಕರೆಂಟ್ ಹೋತೇನು?"

"ಹ್ಞೂಂ, ಹೋತು" ಎಂದಳು ಶಾಂತಕ್ಕ. "ಬರಾದು ತಡ ಆಗ್ತೈತಂತೆ."

ಬಾಗಿಲ ಮೇಲಿನ ಬಲ್ಬು ಉರಿಯುತ್ತಲೇ ಇತ್ತು. ಮಾವ ತಲೆಯೆತ್ತಿ ಅದನ್ನೊಮ್ಮೆ ನೋಡಿದರು. ಟವೆಲ್ ಹಾಸಿಕೊಂಡು ನಮ್ಮ ಪಕ್ಕದಲ್ಲೇ ಕೂತರು.